ನರ ಬಾರದೆ ಸ್ನಾಯು ಬಲಿಯದು: ಹಣ್ಣುನೊಣ ಕಲಿಸುವ ಪಾಠ

ಕಳಿತ ಬಾಳೆಹಣ್ಣಿನ ಸುತ್ತ ಸುಳಿಯುವ ಪುಟ್ಟ ನೊಣವನ್ನು ಕೈಬೀಸಿ ಓಡಿಸುವವರೇ ಹೆಚ್ಚು. ಹಾಗೆ ಹಾರಿ ತಪ್ಪಿಸಿಕೊಳ್ಳುವಾಗ ಅದು ಸೆಕೆಂಡಿಗೆ ಸುಮಾರು 200 ಬಾರಿ ರೆಕ್ಕೆ ಬಡಿಯುತ್ತದೆ. ಎರಡೂವರೆ ಮಿಲಿಮೀಟರ್ ಉದ್ದದ ಈ ಜೀವಿಯ ಎದೆಯೊಳಗೆ ಅಷ್ಟು ಬಲಿಷ್ಠ ಸ್ನಾಯು ಹೇಗೆ ಮೂಡುತ್ತದೆ? ಅದನ್ನು ಆಳುವ ನರ ದಾರಿ ತಪ್ಪದೆ ಅಲ್ಲಿಗೇ ಹೇಗೆ ತಲುಪುತ್ತದೆ? ಡ್ರೊಸೊಫಿಲಾ ಎಂಬ ಈ ಹಣ್ಣುನೊಣದ ವಂಶವಾಹಿಗಳಲ್ಲಿ ವಿಜ್ಞಾನಿಗಳು ಹುಡುಕುತ್ತಿರುವ ಈ ಉತ್ತರ, ಮನುಷ್ಯರ ಸ್ನಾಯು ದೌರ್ಬಲ್ಯದ ಕಾಯಿಲೆಗಳನ್ನು ಅರಿಯಲೂ ನೆರವಾಗುತ್ತಿದೆ.

ಸ್ನಾಯುವಿನ ಹುಟ್ಟು

ಹಣ್ಣುನೊಣದ ಮೊಟ್ಟೆಯೊಳಗೆ ಭ್ರೂಣ ಬೆಳೆದು ಮರಿಹುಳುವಾಗಲು ಸುಮಾರು ಒಂದು ದಿನ ಸಾಕು. ಆ ಅವಧಿಯಲ್ಲೇ 'ಟ್ವಿಸ್ಟ್' ಎಂಬ ವಂಶವಾಹಿ, ಮುಂದೆ ಸ್ನಾಯುವಾಗಬೇಕಾದ ಪದರವನ್ನು ರೂಪಿಸುತ್ತದೆ. ಆ ಪದರದ ಜೀವಕೋಶಗಳಿಗೆ ನಿಜವಾದ ಸ್ನಾಯುಗುಣ ಬರಲು 'ಮೆಫ್2' ಎಂಬ ಇನ್ನೊಂದು ವಂಶವಾಹಿ ಬೇಕು. ಅದು ಕೆಟ್ಟರೆ ಜೀವಕೋಶಗಳು ಹುಟ್ಟಿಯೂ ಸ್ನಾಯುವಾಗುವುದಿಲ್ಲ. ಇದೇ ಕುಟುಂಬದ ವಂಶವಾಹಿಗಳು ಮನುಷ್ಯನಲ್ಲೂ ಇವೆ.

ಬಳಿಕ ಕೆಲವು ಜೀವಕೋಶಗಳು 'ಸ್ಥಾಪಕ'ರ ಪಾತ್ರ ವಹಿಸುತ್ತವೆ. 'ಡಂಬ್‌ಫೌಂಡೆಡ್' ಎಂಬ ವಂಶವಾಹಿಯ ಬಲದಿಂದ ಅವು ನೆರೆಯ ಜೀವಕೋಶಗಳನ್ನು ಸೆಳೆದು ತಮ್ಮೊಡನೆ ಬೆಸೆದುಕೊಳ್ಳುತ್ತವೆ. ಹೀಗೆ ಮರಿಹುಳುವಿನ ಹೊಟ್ಟೆಯ ಹೆಚ್ಚಿನ ಖಂಡಗಳಲ್ಲಿ, ಪ್ರತಿ ಬದಿಗೆ 30 ಸ್ನಾಯುಗಳು ನಿಗದಿತ ಜಾಗದಲ್ಲೇ ಸಿದ್ಧವಾಗುತ್ತವೆ.

ದಾರಿ ತೋರುವ ಗುರುತು

ಇಷ್ಟರಿಂದಲೇ ಚಲನೆ ಸಾಧ್ಯವಿಲ್ಲ. ಪ್ರತಿಯೊಂದು ಸ್ನಾಯುವಿಗೂ ತನ್ನದೇ ನರ ಬಂದು ಸೇರಬೇಕು. 'ಸೈಡ್‌ಸ್ಟೆಪ್' ಎಂಬ ವಂಶವಾಹಿಯ ನೆರವಿನಿಂದ ಸ್ನಾಯು ತನ್ನ ಮೇಲ್ಮೈಯಲ್ಲಿ ಆಕರ್ಷಕ ಗುರುತೊಂದನ್ನು ತೋರುತ್ತದೆ. ಅದನ್ನು ಗ್ರಹಿಸುವ ಸಾಧನ ನರದ ತುದಿಯಲ್ಲಿರುತ್ತದೆ. 2001ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಈ ವಂಶವಾಹಿ ಕೆಟ್ಟ ಭ್ರೂಣಗಳಲ್ಲಿ ನರಗಳು ಸೇರಬೇಕಾದ ಸ್ನಾಯುವಿನ ಪಕ್ಕದಲ್ಲೇ ಹಾದು ಮುಂದೆ ಹೋಗುತ್ತವೆ. ಅಂದರೆ ಸ್ನಾಯುವು ನರಕ್ಕಾಗಿ ಸುಮ್ಮನೆ ಕಾಯುವುದಿಲ್ಲ, ಅದನ್ನು ಕರೆಯುತ್ತದೆ.

ಬೆಂಗಳೂರಿನ ಕೊಡುಗೆ

ನರವೂ ಸ್ನಾಯುವಿನ ಋಣ ತೀರಿಸುತ್ತದೆ. ಮರಿಹುಳು ಕೋಶಾವಸ್ಥೆ ಸೇರಿದಾಗ ಅದರ ಹಳೆಯ ಸ್ನಾಯುಗಳಲ್ಲಿ ಬಹುಪಾಲು ಕರಗಿಹೋಗುತ್ತವೆ. ಆದರೆ ಎದೆಯ ಪ್ರತಿ ಬದಿಯಲ್ಲಿ ಮೂರು ಸ್ನಾಯುಗಳು ಉಳಿದು, ಸೀಳಿ ಆರಾಗಿ, ಹಾರಾಟದ ಸ್ನಾಯುಗಳಿಗೆ ಅಚ್ಚಾಗುತ್ತವೆ. ಇದನ್ನು 1991ರಲ್ಲಿ ವಿವರಿಸಿದವರಲ್ಲಿ, ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವನ್ನು ಮುಂದೆ ಮುನ್ನಡೆಸಿದ ಕೆ. ವಿಜಯರಾಘವನ್ ಒಬ್ಬರು. ಎನ್‌ಸಿಬಿಎಸ್ ಎಂದೇ ಪರಿಚಿತವಾದ ಈ ಸಂಸ್ಥೆಯ ಸಂಸ್ಥಾಪಕ ನಿರ್ದೇಶಕ ಒಬೈದ್ ಸಿದ್ದಿಕಿ ಕೂಡ ಹಣ್ಣುನೊಣದ ನರಮಂಡಲವನ್ನೇ ಅಧ್ಯಯನ ಮಾಡಿದವರು.

ಈ ಬೆಳವಣಿಗೆಯ ವೇಳೆ ನರದ ಸಂಪರ್ಕ ತಪ್ಪಿಸಿದರೆ ಏನಾಗುತ್ತದೆ ಎಂಬುದನ್ನು 1998ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿಕೊಟ್ಟವು. ಹಳೆಯ ಅಚ್ಚಿನ ಮೇಲೆ ಬೆಳೆಯುವ ಸ್ನಾಯುಗಳು ಸೊರಗಿದರೆ, ಹೊಸದಾಗಿ ಮೂಡಬೇಕಾದ ಇನ್ನೊಂದು ಬಗೆಯ ಹಾರಾಟದ ಸ್ನಾಯುಗಳು ಮೂಡುವುದೇ ಇಲ್ಲ. ವಯಸ್ಕ ನೊಣದ ಸ್ನಾಯುವಿನಲ್ಲೂ ಗಾಯವಾದಾಗ ವೃದ್ಧಿಸುವ ಮೂಲಕೋಶಗಳಿವೆ ಎಂಬುದನ್ನು 2017ರಲ್ಲಿ ವಿಜಯರಾಘವನ್ ಅವರ ತಂಡ ವರದಿ ಮಾಡಿತು.

ದೋಷ ಎಲ್ಲಿದೆ?

ಈ ಪರಸ್ಪರ ಅವಲಂಬನೆ ವೈದ್ಯಕೀಯಕ್ಕೂ ಮುಖ್ಯ. ಮಗುವೊಂದು ಕತ್ತು ನಿಲ್ಲಿಸಲಾರದೆ, ಕೂರಲಾರದೆ ಇದ್ದಾಗ ದೋಷ ಸ್ನಾಯುವಿನದೋ ನರದ್ದೋ ಎಂಬುದು ಮೊದಲ ಪ್ರಶ್ನೆ. ಬೆನ್ನುಹುರಿಯ ಚಲನನರಗಳು ನಶಿಸಿ ಸ್ನಾಯುಗಳು ಸೊರಗುವ ಎಸ್‌ಎಂಎ ಎಂಬ ಆನುವಂಶಿಕ ಕಾಯಿಲೆಗೆ ಕಾರಣವಾದ ವಂಶವಾಹಿ 1995ರಲ್ಲಿ ಪತ್ತೆಯಾಯಿತು. ಅದರ ಜೋಡಿ ಹಣ್ಣುನೊಣದಲ್ಲೂ ಇದೆ. ಅದು ಕೆಟ್ಟ ಮರಿಹುಳುಗಳ ಸ್ನಾಯುಗಳು ಕುಗ್ಗುತ್ತವೆ. ಆದರೆ ಸ್ನಾಯುವಿನಲ್ಲಾಗಲಿ, ಅದನ್ನು ಸೇರುವ ಚಲನನರದಲ್ಲಾಗಲಿ ವಂಶವಾಹಿಯನ್ನು ಸರಿಪಡಿಸಿದರೆ ಈ ದೋಷ ನೀಗಲಿಲ್ಲ. ದೇಹದ ಭಂಗಿಯನ್ನು ತಿಳಿಸುವ ಸಂವೇದನಾ ನರಗಳು ಮತ್ತು ನರಮಂಡಲದ ಕೇಂದ್ರದಲ್ಲಿರುವ ಕೆಲವು ನರಗಳಲ್ಲಿ ಸರಿಪಡಿಸಿದಾಗ ಸ್ನಾಯು ಮತ್ತೆ ಬೆಳೆಯಿತು ಎಂದು 2012ರ ಅಧ್ಯಯನವೊಂದು ತಿಳಿಸಿತು.

ನೊಣದಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಹಾಗೆಯೇ ಅನ್ವಯಿಸುವುದಿಲ್ಲ. 2016ರಿಂದೀಚೆಗೆ ಬಳಕೆಗೆ ಬಂದ ಎಸ್‌ಎಂಎ ಔಷಧಗಳು ನೊಣದ ಪ್ರಯೋಗಾಲಯದಿಂದ ನೇರವಾಗಿ ಬಂದವೂ ಅಲ್ಲ. ಆದರೆ ಸೊರಗಿದ ಸ್ನಾಯುವನ್ನಷ್ಟೇ ನೋಡಿದರೆ ಸಾಲದು, ಅದನ್ನು ತಲುಪುವ ನರವನ್ನೂ ಆ ನರಕ್ಕೆ ಸುದ್ದಿ ಮುಟ್ಟಿಸುವ ಇತರ ನರಗಳನ್ನೂ ನೋಡಬೇಕೆಂಬ ಎಚ್ಚರವನ್ನು ಬಾಳೆಹಣ್ಣಿನ ಮೇಲಿನ ಈ ನೊಣ ಕಲಿಸಿದೆ.