ಅಂಕಿ ಸರಿ, ಅಳತೆ ತಪ್ಪು: ಮಂಗಳ ನೌಕೆಯೊಂದು ಹಾಳಾದ ಬಗೆ

ಲೆಕ್ಕದಲ್ಲಿ ಅಂಕಿ ತಪ್ಪಿದರೆ ಒಂದಲ್ಲ ಒಂದು ದಿನ ಸಿಕ್ಕೇ ಸಿಕ್ಕುತ್ತದೆ. ಅಂಕಿ ಸರಿಯಾಗಿದ್ದು ಅಳತೆ ತಪ್ಪಿದರೆ ಮಾತ್ರ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಗಲ್ಲೆಯಲ್ಲಿ ಕುಳಿತವರಿಗೂ ಕಚೇರಿಯಲ್ಲಿ ಖಾತೆ ಬರೆಯುವವರಿಗೂ ಈ ಮಾತು ಹೊಸತಲ್ಲ. ಆದರೆ ಇಂಥದೇ ತಪ್ಪೊಂದು ಅಮೆರಿಕದ ಮಹಾ ತಜ್ಞರ ಕೈಯಲ್ಲಿ ನಡೆದು ಒಂದು ಆಕಾಶನೌಕೆಯನ್ನೇ ನುಂಗಿತೆಂಬುದು ನಮ್ಮ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವನ್ನುಂಟುಮಾಡಬಹುದು.

1998ನೆಯ ಇಸವಿ ಡಿಸೆಂಬರ್ 11ರಂದು ನಾಸಾ ಸಂಸ್ಥೆಯು ಫ್ಲಾರಿಡಾದ ಕೇಪ್ ಕೆನವೆರಲ್‌ನಿಂದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂಬ ನೌಕೆಯನ್ನು ಮಂಗಳ ಗ್ರಹದತ್ತ ಕಳುಹಿಸಿತು. ಆ ಗ್ರಹವನ್ನು ಸುತ್ತುತ್ತ ಅಲ್ಲಿಯ ಹವೆ, ಧೂಳು, ನೀರಾವಿಗಳನ್ನು ಪರೀಕ್ಷಿಸುವುದು ಅದರ ಕಾರ್ಯವಾಗಿತ್ತು. ಒಂಬತ್ತೂವರೆ ತಿಂಗಳ ಪಯಣದ ತರುವಾಯ, 1999ರ ಸೆಪ್ಟೆಂಬರ್ 23ರಂದು, ನಮ್ಮ ಗಡಿಯಾರಕ್ಕೆ ಮಧ್ಯಾಹ್ನ ಸುಮಾರು ಎರಡೂವರೆ ಗಂಟೆಗೆ, ಅಂದರೆ ಹೋಟೆಲುಗಳಲ್ಲಿ ಊಟದ ಗದ್ದಲ ಇಳಿಯುವ ಹೊತ್ತಿಗೆ, ವೇಗವನ್ನು ತಗ್ಗಿಸಲೆಂದು ಅದರ ಮುಖ್ಯ ಇಂಜಿನು ಹೊತ್ತಿಕೊಂಡಿತು. ನೌಕೆ ಗ್ರಹದ ಮರೆಗೆ ಸರಿಯಬೇಕಾಗಿದ್ದ ಗಳಿಗೆಗಿಂತ 49 ಸೆಕೆಂಡು ಮೊದಲೇ ಅದರ ಸಂಜ್ಞೆ ನಿಂತುಹೋಯಿತು. ಮರೆಯಿಂದ ಈಚೆಗೆ ಬರಬೇಕಾದ ಸಮಯವಾಯಿತು. ನೌಕೆ ಮಾತ್ರ ಬರಲಿಲ್ಲ. ಸುಮಾರು ಹನ್ನೆರಡೂವರೆ ಕೋಟಿ ಡಾಲರುಗಳ ನೌಕೆ ಕಣ್ಮರೆಯಾಗಿತ್ತು.

ಕಾರಣವನ್ನು ಹುಡುಕಲು ನಾಸಾ ಒಂದು ವಿಚಾರಣಾ ಮಂಡಲಿಯನ್ನು ನೇಮಿಸಿತು. ಮಾರ್ಷಲ್ ಅಂತರಿಕ್ಷ ಕೇಂದ್ರದ ನಿರ್ದೇಶಕರಾಗಿದ್ದ ಆರ್ಥರ್ ಸ್ಟೀಫನ್‌ಸನ್ ಅದರ ಅಧ್ಯಕ್ಷರು. ಅದೇ ವರ್ಷ ನವೆಂಬರ್ 10ರಂದು ಅವರ ವರದಿ ಹೊರಬಿತ್ತು. ಅದರ ಸಾರಾಂಶವಿದು.

ನೌಕೆಯ ಸೌರಫಲಕ ಒಂದೇ ಪಕ್ಕದಲ್ಲಿತ್ತು. ತೆರೆದ ಕೊಡೆಗೆ ಗಾಳಿ ಹೊಡೆದಂತೆ ಸೂರ್ಯನ ಬೆಳಕಿನ ಒತ್ತಡವು ನೌಕೆಯನ್ನು ಸದಾ ಒಂದು ಕಡೆಗೆ ತಿರುಗಿಸುತ್ತಿತ್ತು. ಒಳಗಿನ ಚಕ್ರಗಳು ವೇಗವಾಗಿ ತಿರುಗಿ ಅದನ್ನು ತಡೆಯುತ್ತಿದ್ದವು. ಚಕ್ರಗಳ ವೇಗ ಮಿತಿ ಮುಟ್ಟಿದಾಗ ಚಿಕ್ಕ ಜೆಟ್ಟುಗಳನ್ನು ಹಾರಿಸಿ ಅದನ್ನು ಇಳಿಸಬೇಕಾಗಿತ್ತು. ಎಣಿಸಿದ್ದಕ್ಕಿಂತ 10ರಿಂದ 14 ಪಟ್ಟು ಹೆಚ್ಚು ಸಲ ಹೀಗೆ ಮಾಡಬೇಕಾಯಿತು. ಪ್ರತಿಯೊಂದು ಸಲವೂ ನೌಕೆಗೆ ಅತ್ಯಲ್ಪವಾದ ಒಂದು ನೂಕು ಬೀಳುತ್ತಿತ್ತು. ಹನಿಗೂಡಿದರೆ ಹಳ್ಳವೆಂಬುದು ಅಂತರಿಕ್ಷಕ್ಕೂ ಸಲ್ಲುವ ಗಾದೆ.

ಈ ನೂಕುಗಳ ಲೆಕ್ಕವನ್ನು ಒದಗಿಸುತ್ತಿದ್ದುದು ನೌಕೆಯನ್ನು ನಿರ್ಮಿಸಿದ ಡೆನ್ವರ್‌ನ ಲಾಕ್‌ಹೀಡ್ ಮಾರ್ಟಿನ್ ಕಂಪೆನಿಯ ಗಣಕ ಕಾರ್ಯಕ್ರಮ. ಅದನ್ನು ಆಧರಿಸಿ ದಾರಿಯನ್ನು ನಿರ್ಧರಿಸುತ್ತಿದ್ದವರು ಕ್ಯಾಲಿಫೋರ್ನಿಯಾದ ಜೆ.ಪಿ.ಎಲ್. ಪ್ರಯೋಗಶಾಲೆಯವರು. ಒಪ್ಪಂದದ ಪ್ರಕಾರ ಲೆಕ್ಕವು ನ್ಯೂಟನ್ ಎಂಬ ಮೆಟ್ರಿಕ್ ಮಾನದಲ್ಲಿರಬೇಕಾಗಿತ್ತು. ಬಂದದ್ದು ಇಂಗ್ಲಿಷ್ ಪೌಂಡಿನ ಮಾನದಲ್ಲಿ. ಒಂದು ಪೌಂಡಿನ ಬಲವೆಂದರೆ 4.45 ನ್ಯೂಟನ್. ಆದಕಾರಣ ಪ್ರತಿಯೊಂದು ನೂಕನ್ನೂ ನಾಲ್ಕೂವರೆ ಪಟ್ಟಿನಷ್ಟು ಕಡಿಮೆಯಾಗಿ ಎಣಿಸಲಾಯಿತು. ಮಂಗಳನ ನೆಲದಿಂದ 226 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಾಗಿದ್ದ ನೌಕೆ 57 ಕಿಲೋಮೀಟರ್ ಎತ್ತರಕ್ಕೆ ಇಳಿದಿತ್ತು. 80 ಕಿಲೋಮೀಟರ್‌ಗಿಂತ ಕೆಳಗೆ ಇಳಿದರೆ ಅದು ಉಳಿಯುವಂತಿರಲಿಲ್ಲ.

ಇಷ್ಟು ಮಾತ್ರವೇ ಆಗಿದ್ದರೆ ಇದನ್ನು ಗುಮಾಸ್ತನೊಬ್ಬನ ಕೈತಪ್ಪೆಂದು ಬಿಡಬಹುದಾಗಿತ್ತು. ಆದರೆ ಮಂಡಲಿ ಅಲ್ಲಿಗೆ ನಿಲ್ಲಲಿಲ್ಲ. ತಪ್ಪು ಸಿಕ್ಕದೆ ಉಳಿದದ್ದೇಕೆಂದು ಕೇಳಿತು. ದಾರಿ ನೋಡುವವರಿಗೆ ಸಂದೇಹ ಬಂದಿರಲಿಲ್ಲವೆಂದಲ್ಲ. 1999ರ ಏಪ್ರಿಲ್ ತಿಂಗಳಲ್ಲಿಯೇ ಅಂಕಿಗಳಲ್ಲಿ ಏನೋ ಹೊಂದುತ್ತಿಲ್ಲವೆಂದು ಅವರಿಗೆ ಕಂಡಿತ್ತು. ಆದರೆ ಅವರು ಅದನ್ನು ಕ್ರಮಬದ್ಧವಾದ ದೂರಾಗಿ ದಾಖಲಿಸದೆ ಇ-ಮೇಲ್ ಪತ್ರಗಳಲ್ಲಿ ತಿಳಿಸಿದರು. ಅದು ಬಗೆಹರಿಯದೆ ಉಳಿಯಿತು. ಕೆಲಸಗಾರರು ಸಾಲದೆ, ಒಂದೇ ತಂಡ ಮೂರು ನೌಕೆಗಳನ್ನು ನೋಡಿಕೊಳ್ಳುತ್ತಿತ್ತು. ಕೊನೆಯ ವಾರದಲ್ಲಿ ಎತ್ತರದ ಅಂದಾಜು 150ರಿಂದ 170 ಕಿಲೋಮೀಟರ್‌ಗೆ ಇಳಿದಾಗಲೂ, ದಾರಿಯನ್ನು ಇನ್ನೊಮ್ಮೆ ತಿದ್ದುವ ಸಲಹೆ ಚರ್ಚೆಯಾಯಿತೇ ಹೊರತು ಕಾರ್ಯಕ್ಕೆ ಬರಲಿಲ್ಲ.

ಈ ವೃತ್ತಾಂತ ನಮ್ಮ ಮನಸ್ಸಿಗೆ ತಾಕಲು ಕಾರಣವುಂಟು. ಪತ್ರಿಕೆಯ ಮೇಜಿಗೆ ಬರುವ ಮುಂಚೆ ನಾವು ಹೋಟೆಲು ನಡೆಸಿದವರು. ಒಮ್ಮೆ ಎಣ್ಣೆಯ ಡಬ್ಬಗಳ ಚೀಟಿಯಲ್ಲಿ ‘15’ ಎಂದು ಮಾತ್ರ ಇತ್ತು. ನಾವು ಕಿಲೋ ಎಂದು ಬರೆದುಕೊಂಡೆವು. ಬರುತ್ತಿದ್ದುದು 15 ಲೀಟರಿನ ಡಬ್ಬ. ಎಣ್ಣೆ ನೀರಿಗಿಂತ ಹಗುರ. 15 ಲೀಟರು ಹದಿಮೂರೂವರೆ ಕಿಲೋಗಿಂತ ತುಸು ಹೆಚ್ಚು, ಅಷ್ಟೆ. ಉಗ್ರಾಣದ ಹುಡುಗ, “ಡಬ್ಬ ಬೇಗ ಮುಗಿಯುತ್ತದೆ, ಅಣ್ಣ” ಎಂದು ಎರಡು ಸಲ ಹೇಳಿದ. ಬಾಣಲೆಗೆ ಹೆಚ್ಚು ಸುರಿಯುತ್ತೀಯೆಂದು ನಾವು ಅವನನ್ನೇ ಗದರಿದೆವು. ಮೂರು ತಿಂಗಳ ಮೇಲೆ ಡಬ್ಬವನ್ನು ತಕ್ಕಡಿಗೆ ಇಟ್ಟಾಗ ಸತ್ಯ ತಿಳಿಯಿತು. ಆ ಹುಡುಗನ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಳ್ಳಲು ಇನ್ನೂ ಒಂದು ವಾರ ಬೇಕಾಯಿತು. ಎಣ್ಣೆಯ ನಷ್ಟ ಮರೆತಿದೆ. ಆ ವಾರ ಮರೆತಿಲ್ಲ.

ನಾಸಾ ತನ್ನ ತಪ್ಪನ್ನು ಬಚ್ಚಿಡದೆ ವರದಿಯನ್ನು ಲೋಕದ ಮುಂದಿಟ್ಟಿತು. 2001ರ ಅಕ್ಟೋಬರ್ 24ರಂದು ಅದರ ‘ಮಾರ್ಸ್ ಒಡಿಸ್ಸಿ’ ನೌಕೆ ಕ್ಷೇಮವಾಗಿ ಮಂಗಳನ ಕಕ್ಷೆಯನ್ನು ಸೇರಿತು. ಆರ್ಬಿಟರ್ ಹಾಳಾಗಿ ಹದಿನೈದು ವರ್ಷ ಒಂದು ದಿನ ಕಳೆದು, 2014ರ ಸೆಪ್ಟೆಂಬರ್ 24ರಂದು, ನಮ್ಮ ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಇಸ್ರೋದವರು ‘ಮಂಗಳಯಾನ’ವನ್ನು ಮೊದಲ ಯತ್ನದಲ್ಲಿಯೇ ಅದೇ ಗ್ರಹದ ಕಕ್ಷೆಗೆ ಸೇರಿಸಿದಾಗ ಪರಊರಿನಲ್ಲಿರುವ ನಮಗೂ ಹೆಮ್ಮೆಯಾಗದೆ ಇರಲಿಲ್ಲ.

ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ. ಅಂಕಿ ಬರೆಯುವಾಗ ಅದರ ಪಕ್ಕದಲ್ಲಿ ಅಳತೆಯನ್ನೂ ಬರೆಯಿರಿ. ಲೆಕ್ಕ ಹೊಂದುತ್ತಿಲ್ಲವೆಂದು ಕಂಡರೆ ಬಾಯಿಮಾತಿನಲ್ಲಿ ಬಿಡದೆ ಪುಸ್ತಕದಲ್ಲಿ ದಾಖಲಿಸಿರಿ. ಮತ್ತು ಧಣಿಗಳೆನಿಸಿಕೊಂಡ ನಾವು, ಉಗ್ರಾಣದ ಹುಡುಗ ಮಾತನಾಡಿದಾಗ, ಅವನನ್ನು ಗದರುವ ಮುಂಚೆ ಒಮ್ಮೆ ತಕ್ಕಡಿಯ ಬಳಿಗೆ ಹೋಗಿಬರೋಣ.