ಹಳೆಯ ಕ್ಯಾಮೆರಾ ಲೆನ್ಸ್‌ಗೆ ವಯಸ್ಸು ಶತ್ರುವಲ್ಲ, ತೇವ ಶತ್ರು: ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಹಳೆಯ ಸ್ಟುಡಿಯೋ ಮುಚ್ಚುವಾಗಲೋ ಮನೆಯ ಅಟ್ಟ ಸ್ವಚ್ಛ ಮಾಡುವಾಗಲೋ ಒಂದು ಮರದ ಕ್ಯಾಮೆರಾ ಮತ್ತು ಹಿತ್ತಾಳೆಯ ದಪ್ಪ ಲೆನ್ಸ್ ಸಿಗುತ್ತವೆ. ಯಾರೋ ಅದರ ಫೋಟೊ ತೆಗೆದು ಗ್ರೂಪಿಗೆ ಹಾಕುತ್ತಾರೆ. ಕೂಡಲೇ ಉತ್ತರಗಳು ಬರುತ್ತವೆ. "ಇಂಥ ಗಾಜು ಈಗ ಸಿಗಲ್ಲ", "ಇದರಲ್ಲಿ ರೇಡಿಯೇಷನ್ ಇದೆ, ಎಸೆಯಿರಿ", "ಫಂಗಸ್ ಹಿಡಿದಿದೆ, ಇನ್ನು ಕಸ", "ಲಕ್ಷಗಟ್ಟಲೆ ಬೆಲೆ ಇದೆ". ಇವುಗಳಲ್ಲಿ ನಿಜ ಎಷ್ಟು? ಒಂದೊಂದಾಗಿ ನೋಡೋಣ.

ಹೇಳಿಕೆ 1: ಹಳೆಯ ಫೋಟೊಗಳು ಸ್ಪಷ್ಟವಾಗಿರಲು ಹಳೆಯ ಗಾಜೇ ಕಾರಣ

ಬೆಳಗಾವಿಯಲ್ಲಿ 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ 2024ರಲ್ಲಿ ನೂರು ವರ್ಷ ತುಂಬಿತು. ಆ ಕಾಲದ ಗುಂಪು ಚಿತ್ರಗಳನ್ನು ನೋಡಿದವರು "ಮುಖ ಎಷ್ಟು ಚೆನ್ನಾಗಿ ಕಾಣುತ್ತೆ!" ಎನ್ನುವುದುಂಟು. ಇದರ ಮುಖ್ಯ ಗುಟ್ಟು ನೆಗೆಟಿವ್‌ನ ಗಾತ್ರದಲ್ಲಿದೆ.

ಆಗ ಗುಂಪು ಚಿತ್ರಗಳನ್ನು ಸಾಮಾನ್ಯವಾಗಿ ದೊಡ್ಡ ಕ್ಯಾಮೆರಾದಲ್ಲಿ, ಗಾಜಿನ ಪ್ಲೇಟ್ ಮೇಲೆ ತೆಗೆಯುತ್ತಿದ್ದರು. 4×5 ಇಂಚಿನ ಒಂದು ಹಾಳೆ ಫಿಲ್ಮ್‌ನ ವಿಸ್ತೀರ್ಣ ಸುಮಾರು 130 ಚದರ ಸೆಂಟಿಮೀಟರ್. ಬಹುಪಾಲು ಫೋನ್‌ಗಳ ಸೆನ್ಸರ್ ಒಂದು ಚದರ ಸೆಂಟಿಮೀಟರ್‌ಗಿಂತಲೂ ಚಿಕ್ಕದು. ದೊಡ್ಡ ನೆಗೆಟಿವ್ ಅನ್ನು ಹೆಚ್ಚು ಹಿಗ್ಗಿಸಬೇಕಾಗಿಲ್ಲ, ಆದ್ದರಿಂದ ಸಾಧಾರಣ ಲೆನ್ಸ್ ಕೂಡ ಸ್ಪಷ್ಟ ಚಿತ್ರ ಕೊಡುತ್ತದೆ.

ಗಾಜಿನ ವಿಷಯಕ್ಕೆ ಬಂದರೆ ಇಂದಿನ ಲೆನ್ಸ್‌ಗಳೇ ಮೇಲು. ಝೈಸ್ ಕಂಪನಿ ಪ್ರತಿಫಲನ ತಡೆಯುವ ಲೇಪನವನ್ನು ಕಂಡುಹಿಡಿದದ್ದು 1935ರಲ್ಲಿ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ. 1902ರ ಪ್ರಸಿದ್ಧ ಟೆಸ್ಸಾರ್ ವಿನ್ಯಾಸದಲ್ಲಿ ಗಾಳಿಗೆ ತೆರೆದ ಮೇಲ್ಮೈಗಳು ಆರು. ಅಂದರೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬೆಳಕು ನೇರವಾಗಿ ಫಿಲ್ಮ್ ತಲುಪುವುದಿಲ್ಲ. ಅದರಲ್ಲಿ ಒಂದಿಷ್ಟು ಒಳಗೇ ಚದುರಿ ಚಿತ್ರವನ್ನು ಮಸುಕಾಗಿಸುತ್ತದೆ. ಹಳೆಯ ಚಿತ್ರಗಳ "ಮೃದುತನ"ಕ್ಕೆ ಇದೂ ಒಂದು ಕಾರಣ. ಅಂಥ ಲೆನ್ಸ್ ಬಳಸುವಾಗ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ, ಲೆನ್ಸ್ ಮೇಲೆ ನೆರಳು ಬೀಳುವಂತೆ ರಟ್ಟು ಹಿಡಿಯಿರಿ.

ಹೇಳಿಕೆ 2: ಯಾವ ಹಳೆಯ ಲೆನ್ಸ್ ಆದರೂ ದೊಡ್ಡ ಕ್ಯಾಮೆರಾಕ್ಕೆ ಆಗುತ್ತದೆ

ಇಲ್ಲ. ಲೆನ್ಸ್ ಮೂಡಿಸುವ ಚಿತ್ರ ವೃತ್ತಾಕಾರದ್ದು. ಆ ವೃತ್ತ ಇಡೀ ಫಿಲ್ಮ್ ಅನ್ನು ಮುಚ್ಚಬೇಕು. 4×5 ಇಂಚಿಗೆ ಕನಿಷ್ಠ 15 ಸೆಂಟಿಮೀಟರ್ ವ್ಯಾಸದ ವೃತ್ತ ಬೇಕು. ಸಾಮಾನ್ಯ ರೋಲ್ ಕ್ಯಾಮೆರಾದ 35 ಮಿ.ಮೀ. ಫಿಲ್ಮ್‌ಗೆ ಮಾಡಿದ ಲೆನ್ಸ್‌ಗೆ ಸುಮಾರು 4.3 ಸೆಂಟಿಮೀಟರ್ ಸಾಕು. ಅದನ್ನು ದೊಡ್ಡ ಕ್ಯಾಮೆರಾಕ್ಕೆ ಹಾಕಿದರೆ ನಡುವೆ ಸಣ್ಣ ಚಿತ್ರ, ಸುತ್ತ ಕತ್ತಲೆ.

ಕಟ್ಟಡ ತೆಗೆಯುವುದಾದರೆ ವೃತ್ತ ಇನ್ನೂ ದೊಡ್ಡದಿರಬೇಕು. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಭೂವರಾಹ ನರಸಿಂಹ ದೇವಾಲಯದ ಶಿಖರಕ್ಕೆ ಫೋನ್ ಎತ್ತಿ ಹಿಡಿದರೆ ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಮರದ ಕ್ಯಾಮೆರಾದಲ್ಲಿ ಹಿಂಭಾಗವನ್ನು ನೆಟ್ಟಗೆ ಇಟ್ಟು, ಲೆನ್ಸ್ ಹಲಗೆಯನ್ನು ಮಾತ್ರ ಮೇಲಕ್ಕೆ ಸರಿಸಬಹುದು. ಆಗ ಗೋಡೆ ನೇರವಾಗಿಯೇ ಇರುತ್ತದೆ. ಆದರೆ ಸರಿಸಿದಷ್ಟೂ ವೃತ್ತದ ಅಂಚು ಫಿಲ್ಮ್‌ಗೆ ಹತ್ತಿರವಾಗುತ್ತದೆ.

ಪರೀಕ್ಷೆ ಸುಲಭ. ಕ್ಯಾಮೆರಾದ ಹಿಂದಿನ ಮಸುಕು ಗಾಜಿನಲ್ಲಿ ದೂರದ ದೃಶ್ಯಕ್ಕೆ ಫೋಕಸ್ ಮಾಡಿ, ತಲೆಗೆ ಕಪ್ಪು ಬಟ್ಟೆ ಹೊದ್ದು ನಾಲ್ಕೂ ಮೂಲೆ ನೋಡಿ. ಮೂಲೆ ಕಪ್ಪಾಗಿದ್ದರೆ ಆ ಲೆನ್ಸ್ ಸಾಲದು.

ಹೇಳಿಕೆ 3: ಹಳೆಯ ಲೆನ್ಸ್‌ನಲ್ಲಿ ವಿಕಿರಣ ಇದೆ

ಕೆಲವದರಲ್ಲಿ ಇದೆ, ಬಹಳಷ್ಟರಲ್ಲಿ ಇಲ್ಲ. 1940ರ ದಶಕದಿಂದ 1970ರ ದಶಕದವರೆಗೆ ಕೆಲವು ಕಂಪನಿಗಳು ಗಾಜಿನ ವಕ್ರೀಭವನ ಶಕ್ತಿ ಹೆಚ್ಚಿಸಲು ಥೋರಿಯಂ ಆಕ್ಸೈಡ್ ಬೆರೆಸಿದವು. ಎರಡನೇ ಮಹಾಯುದ್ಧದ ವಿಮಾನ ಕ್ಯಾಮೆರಾಗಳ ಕೊಡಾಕ್ ಏರೋ-ಎಕ್ಟಾರ್ ಇದಕ್ಕೆ ಹೆಸರಾದ ಉದಾಹರಣೆ. ಅದಕ್ಕೂ ಮುಂಚಿನ ಹಿತ್ತಾಳೆ ಲೆನ್ಸ್‌ಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಥೋರಿಯಂ ಗಾಜು ವರ್ಷ ಕಳೆದಂತೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಆದರೆ ಗಾಜುಗಳನ್ನು ಅಂಟಿಸುವ ಕೆನಡಾ ಬಾಲ್ಸಂ ಕೂಡ ಹಳದಿಯಾಗುತ್ತದೆ, ಆದ್ದರಿಂದ ಬಣ್ಣ ನೋಡಿ ಹೆದರಬೇಡಿ. ಕ್ಯಾಮೆರಾಕ್ಕೆ ಹಾಕಿ ಫೋಟೊ ತೆಗೆಯುವುದರಿಂದ ಗಮನಾರ್ಹ ಅಪಾಯವಿಲ್ಲ. ಅಂಥ ಗಾಜನ್ನು ಒಡೆಯುವುದು, ಉಜ್ಜಿ ಪುಡಿ ಮಾಡುವುದು, ಕಣ್ಣಿಗೆ ಒತ್ತಿಕೊಂಡು ದುರ್ಬೀನಿನಂತೆ ದಿನಗಟ್ಟಲೆ ಬಳಸುವುದು ಬೇಡ.

ನಿಜವಾದ ತಕ್ಷಣದ ಅಪಾಯ ಬೇರೆ ಇದೆ: ಬಿಸಿಲು. ದೊಡ್ಡ ಲೆನ್ಸ್ ಒಂದು ಭೂತಗನ್ನಡಿ. ಕಿಟಕಿಯ ಬಳಿ ಮುಚ್ಚಳವಿಲ್ಲದೆ ಇಟ್ಟರೆ ಪರದೆ, ಕಾಗದ ಹೊತ್ತಿಕೊಳ್ಳಬಹುದು.

ಹೇಳಿಕೆ 4: ಫಂಗಸ್ ಬಂದರೆ ಲೆನ್ಸ್ ಮುಗಿಯಿತು

ಖಾನಾಪುರದ ಪಶ್ಚಿಮ ಭಾಗದವರಿಗೆ ಇದೇ ಮುಖ್ಯ ಪ್ರಶ್ನೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಮಳೆಗಾಲದಲ್ಲಿ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅದೇ ಜಿಲ್ಲೆಯ ಅಥಣಿ ಕಡೆ ಗಾಳಿ ಒಣ. ಒಂದೇ ವಯಸ್ಸಿನ ಎರಡು ಲೆನ್ಸ್‌ಗಳನ್ನು ಈ ಎರಡು ಊರುಗಳಲ್ಲಿ ಇಟ್ಟರೆ ಅವುಗಳ ಗತಿ ಬೇರೆ ಬೇರೆ.

ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇವೆ. ತೇವಾಂಶ ಶೇ. 65-70 ದಾಟಿ ಹಾಗೆಯೇ ಉಳಿದರೆ ಅವು ಬೆಳೆಯುತ್ತವೆ. ಬೆಳೆಯುವಾಗ ಹೊರಬರುವ ಆಮ್ಲ ಲೇಪನವನ್ನೂ ಕೊನೆಗೆ ಗಾಜನ್ನೂ ಕೊರೆಯುತ್ತದೆ. ಜೇಡರ ಬಲೆಯಂಥ ಎಳೆಗಳು ಹೊಸದಾಗಿದ್ದರೆ ತಿಳಿದವರು ಬಿಚ್ಚಿ ಸ್ವಚ್ಛ ಮಾಡಬಲ್ಲರು. ಗಾಜು ಕೊರೆದುಹೋಗಿದ್ದರೆ ಗುರುತು ಉಳಿಯುತ್ತದೆ. ಅಂಚಿನಲ್ಲಿ ಸ್ವಲ್ಪ ಇದ್ದರೆ ಚಿತ್ರದಲ್ಲಿ ಗೊತ್ತೇ ಆಗದಿರಬಹುದು.

ಟೂತ್‌ಪೇಸ್ಟ್, ವಿಭೂತಿ, ವಿನೆಗರ್ ಹಚ್ಚಿ ಉಜ್ಜಬೇಡಿ. ಫಂಗಸ್ ಉಳಿಸಿದ್ದನ್ನು ಇವು ಹಾಳು ಮಾಡುತ್ತವೆ. ಚರ್ಮದ ಪೆಟ್ಟಿಗೆಯಿಂದ ಲೆನ್ಸ್ ಹೊರತೆಗೆಯಿರಿ, ಏಕೆಂದರೆ ಚರ್ಮ ತೇವ ಹಿಡಿದಿಡುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಒಳಗಿನ ತೇವಾಂಶ ಶೇ. 40-50 ಇದ್ದರೆ ಒಳ್ಳೆಯದು.

ಹೇಳಿಕೆ 5: ಶಟರ್ ಇಲ್ಲದ ಲೆನ್ಸ್ ಉಪಯೋಗಕ್ಕಿಲ್ಲ

ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾದಂಥ ಮರದ ಕ್ಯಾಮೆರಾಗಳ ಕಾಲದಲ್ಲಿ ಲೆನ್ಸ್ ಮುಚ್ಚಳ ತೆಗೆದು, ಎಣಿಸಿ, ಮತ್ತೆ ಹಾಕುವುದೇ ಶಟರ್ ಆಗಬಹುದಿತ್ತು. ಇಂದಿನ ವೇಗದ ಫಿಲ್ಮ್‌ಗೆ ಬಿಸಿಲಿನಲ್ಲಿ ಅದು ಹೊಂದುವುದಿಲ್ಲ. ಆದರೆ ಕಪ್ಪು-ಬಿಳುಪು ಫೋಟೊ ಕಾಗದವನ್ನೇ ನೆಗೆಟಿವ್ ಆಗಿ ಬಳಸಬಹುದು. ಅದರ ವೇಗ ಐಎಸ್‌ಒ 6ರ ಆಸುಪಾಸು. ಚೆನ್ನಾದ ಬಿಸಿಲಿನಲ್ಲಿ ಎಫ್/45 ಇಟ್ಟರೆ ಒಂದು ಸೆಕೆಂಡಿನಷ್ಟು ಸಮಯ ಬೇಕು, ಕೈಯಿಂದಲೇ ಸಾಧ್ಯ. ಶಟರ್ ಇರುವ ಲೆನ್ಸ್ ಆದರೆ ಮೊದಲು ಅದರ ವೇಗ ಪರೀಕ್ಷಿಸಿ. ಒಳಗಿನ ಎಣ್ಣೆ ಗಟ್ಟಿಯಾಗಿ ಒಂದು ಸೆಕೆಂಡು ಎರಡಾಗಿರಬಹುದು. ಫೋನ್‌ನ ಸ್ಲೋ ಮೋಷನ್ ವಿಡಿಯೊದಲ್ಲಿ ಇದನ್ನು ಅಳೆಯಬಹುದು.

ಹಾಗಾದರೆ ಬೆಲೆ?

ಲೆನ್ಸ್‌ನ ಹೆಸರು, ಗಾಜಿನ ಸ್ಥಿತಿ, ವೃತ್ತದ ಗಾತ್ರ, ಶಟರ್ ಇವೆಲ್ಲ ಸೇರಿ ಬೆಲೆ ನಿರ್ಧಾರವಾಗುತ್ತದೆ. ಬರೀ ಹಳೆಯದು ಎಂಬ ಕಾರಣಕ್ಕೆ ಲಕ್ಷ ಬರುವುದಿಲ್ಲ. "ಕೋಟಿ ಕೊಡುತ್ತೇವೆ, ಮೊದಲು ಪರೀಕ್ಷಾ ಶುಲ್ಕ ಕಳಿಸಿ" ಎಂದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಗುಜರಿಗೆ ಹಾಕುವ ಮುನ್ನ ಪೆಟ್ಟಿಗೆಯ ತಳವನ್ನೂ ನೋಡಿ. ಅಲ್ಲಿ ಗಾಜಿನ ಪ್ಲೇಟ್‌ಗಳಿದ್ದರೆ ಅಂಚು ಹಿಡಿದು ಎತ್ತಿ, ತೊಳೆಯಬೇಡಿ. ಲೆನ್ಸ್ ಇನ್ನೊಂದು ಸಿಕ್ಕೀತು. ನಿಮ್ಮ ಓಣಿಯ ಮದುವೆ, ಶಾಲೆ, ಜಾತ್ರೆಯ ಆ ಪ್ಲೇಟ್‌ಗೆ ಇನ್ನೊಂದು ಪ್ರತಿ ಇರಲಿಕ್ಕಿಲ್ಲ.

ನೆನಪಿಡಬೇಕಾದದ್ದು ಇಷ್ಟು: ಒಣಗಿದ ಡಬ್ಬಿಯಲ್ಲಿಟ್ಟ ನೂರು ವರ್ಷದ ಲೆನ್ಸ್ ಇಂದೂ ಚಿತ್ರ ತೆಗೆಯುತ್ತದೆ. ಒದ್ದೆ ಅಟ್ಟದಲ್ಲಿ ಬಿಟ್ಟರೆ ಕೆಲವೇ ಮಳೆಗಾಲ ಸಾಕು, ಹೊಸ ಲೆನ್ಸ್ ಕೂಡ ಹಾಳಾಗುತ್ತದೆ.