ಸುಗ್ಗಿಯ ಕಾಲದ ಕಣ್ಣುನವೆ: ಕಾರಣಗಳೂ ಉಪಶಮನೋಪಾಯಗಳೂ

ಭತ್ತ ರಾಗಿಗಳ ಕೊಯ್ಲು ಮುಗಿದು ಕಣಗಳು ತುಂಬುವ ಕಾಲದಲ್ಲಿ ಗ್ರಾಮಗಳಲ್ಲಿ ಕಣ್ಣಿನ ಬಾಧೆಯೂ ಹೆಚ್ಚುವುದು ಎಲ್ಲರೂ ಕಂಡ ವಿಷಯವೇ ಆಗಿರುತ್ತದೆ. ಒಕ್ಕುವವರು, ತೂರುವವರು, ಮೆದೆ ಒಟ್ಟುವವರು ದಿನವೆಲ್ಲ ಕಣ್ಣುಜ್ಜಿಕೊಳ್ಳುತ್ತ ಕೆಲಸ ಮಾಡುವರು. ಇದು ಸುಗ್ಗಿಯೊಡನೆ ಬಂದು ಸುಗ್ಗಿಯೊಡನೆ ಹೋಗುವ ಅಲ್ಪ ವ್ಯಾಧಿಯೆಂಬ ಭಾವನೆಯು ಸಾಮಾನ್ಯವಾಗಿದೆ. ಬಹುಮಟ್ಟಿಗೆ ಇದು ನಿಜವೇ. ಆದರೆ ನವೆಗೂ ಗಾಯಕ್ಕೂ ಇರುವ ಭೇದವನ್ನು ಅರಿಯದೆ ಕೈಗೆ ಸಿಕ್ಕಿದ ಔಷಧವನ್ನು ಹಾಕಿದುದರಿಂದ ದುಡಿಯುವ ವಯಸ್ಸಿನವರು ದೃಷ್ಟಿಯನ್ನೇ ಕಳೆದುಕೊಳ್ಳುವುದುಂಟು. ಆದುದರಿಂದ ಗ್ರಾಮಪ್ರಮುಖರೂ ಜಮೀನಿನ ಒಡೆಯರೂ ಈ ವಿಷಯವನ್ನು ತಕ್ಕಮಟ್ಟಿಗೆ ತಿಳಿದಿರುವುದು ಅವಶ್ಯಕ.

ನವೆಯ ಕಾರಣಗಳು

ಕಣ್ಣುನವೆಗೆ ಮುಖ್ಯ ಕಾರಣವು ಒಗ್ಗದಿಕೆ, ಅಂದರೆ ಅಲರ್ಜಿ. ಹೂವಿನ ಪರಾಗ, ಹೊಟ್ಟಿನ ಧೂಳು, ಬೂಷ್ಟಿನ ಕಣಗಳು ಮುಂತಾದುವು ಕಣ್ಣಿನ ಒಳಪೊರೆಯನ್ನು ತಾಕಿದಾಗ, ಅವು ಒಗ್ಗದ ಶರೀರದಲ್ಲಿ ಹಿಸ್ಟಮೀನ್ ಎಂಬ ದ್ರವ್ಯವು ಬಿಡುಗಡೆಯಾಗುತ್ತದೆ. ಇದರಿಂದ ರಕ್ತನಾಳಗಳು ಹಿಗ್ಗಿ ಕಣ್ಣು ಕೆಂಪಾಗಿ, ನೀರು ಸುರಿದು, ನವೆಯುಂಟಾಗುವುದು. ಕಣ್ಣನ್ನು ಉಜ್ಜಿದಷ್ಟೂ ಈ ದ್ರವ್ಯವು ಹೆಚ್ಚು ಹೊರಬರುವುದರಿಂದ, ಉಜ್ಜುವಿಕೆಯು ನವೆಯನ್ನು ಬೆಳೆಸುವುದೇ ಹೊರತು ಶಮನಗೊಳಿಸುವುದಿಲ್ಲ.

ಈ ಪರಾಗಗಳ ಪೈಕಿ ಪಾರ್ಥೇನಿಯಂ ಕಳೆಯದು ಕುಖ್ಯಾತವಾದುದು. ಕಾಂಗ್ರೆಸ್ ಹುಲ್ಲೆಂದು ರೈತರು ಕರೆಯುವ ಈ ಅಮೆರಿಕ ಮೂಲದ ಗಿಡವು 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು, ಅನಂತರ ದೇಶದ ಬಹುಭಾಗವನ್ನು ಆಕ್ರಮಿಸಿತು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುವುದು. ಇದರ ಪರಾಗವು ಕಣ್ಣು ಮೂಗುಗಳಿಗೂ, ಗಿಡದ ಸ್ಪರ್ಶವು ಚರ್ಮಕ್ಕೂ ಬಾಧಕ.

ಇದಲ್ಲದೆ ಜೋಳದ ಸುಂಕು, ಒಲೆಯ ಹೊಗೆ, ಮೆಣಸಿನಕಾಯಿಯ ಘಾಟು, ಒಣಗಾಳಿ ಇವೂ ಕಣ್ಣನ್ನು ಕೆರಳಿಸುವುವು. ಮಕ್ಕಳಲ್ಲಿ ಬೇಸಗೆಯ ದಿನಗಳಲ್ಲಿ ವರ್ಷವರ್ಷವೂ ಮರುಕಳಿಸುವ ತೀವ್ರ ನವೆಯು ಬೇರೊಂದು ಬಗೆಯ ಅಲರ್ಜಿಯಾಗಿದ್ದು, ಅದಕ್ಕೆ ವೈದ್ಯರ ಮೇಲ್ವಿಚಾರಣೆ ಬೇಕು. ಕಣ್ಣಿನಲ್ಲಿ ಪಿಸರು ಕಟ್ಟಿ, ರೆಪ್ಪೆಗಳು ಅಂಟಿಕೊಂಡು, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹರಡಿದರೆ ಅದು ಅಂಟುಜಾಡ್ಯವೆಂದು ತಿಳಿಯತಕ್ಕದ್ದು. ಅಂಥವರ ಟವಲು, ದಿಂಬುಗಳನ್ನು ಪ್ರತ್ಯೇಕವಾಗಿಡಬೇಕು.

ಸಹಜವಾದ ಉಪಶಮನೋಪಾಯಗಳು

ಮೊದಲನೆಯ ಔಷಧವು ಶುದ್ಧವಾದ ನೀರು. ಕುದಿಸಿ ಆರಿಸಿದ ನೀರಿನಿಂದ, ಕೈಗಳನ್ನು ಸೋಪಿನಿಂದ ತೊಳೆದ ಮೇಲೆ, ಕಣ್ಣುಗಳನ್ನು ಮೆಲ್ಲಗೆ ತೊಳೆದರೆ ಧೂಳೂ ಪರಾಗವೂ ಕೊಚ್ಚಿಹೋಗುವುವು. ಎರಡನೆಯದು ತಂಪು. ಮಡಿಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಗಳ ಮೇಲೆ ಹತ್ತು ನಿಮಿಷಗಳ ಕಾಲ ಇಟ್ಟರೆ ಹಿಗ್ಗಿದ ರಕ್ತನಾಳಗಳು ಕುಗ್ಗಿ ನವೆಯೂ ಊತವೂ ಇಳಿಯುವುವು. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಬಹುದು. ಮೂರನೆಯದು ಕಾರಣದಿಂದ ದೂರವಿರುವುದು. ಕಣದಿಂದ ಬಂದೊಡನೆ ತಲೆಸ್ನಾನ ಮಾಡಿ ಬಟ್ಟೆ ಬದಲಾಯಿಸಿದರೆ, ಕೂದಲಿನಲ್ಲಿ ಕುಳಿತ ಧೂಳು ರಾತ್ರಿ ದಿಂಬಿಗೆ ಇಳಿದು ಪುನಃ ಕಣ್ಣನ್ನು ಸೇರುವುದು ತಪ್ಪುವುದು.

ವರ್ಜಿಸತಕ್ಕ ಕ್ರಮಗಳು

ಎಲೆಯ ರಸ, ಹೂವಿನ ರಸ, ಹರಳೆಣ್ಣೆ, ಜೇನುತುಪ್ಪ, ಎದೆಹಾಲು ಮುಂತಾದುವನ್ನು ಕಣ್ಣಿಗೆ ಬಿಡುವ ರೂಢಿಯು ಹಲವೆಡೆ ಇದೆ. ಇವು ಸಹಜವಸ್ತುಗಳೆಂಬ ಮಾತ್ರಕ್ಕೆ ನಿರಪಾಯವಲ್ಲ. ಕ್ರಿಮಿರಹಿತವಲ್ಲದ ಯಾವ ದ್ರವವೂ ಕೆರಳಿದ ಕಣ್ಣಿಗೆ ಸೋಂಕನ್ನು ತರಬಲ್ಲದು. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಹೆಚ್ಚು ನೋವಿಲ್ಲದೆಯೇ ದೃಷ್ಟಿಯು ಮಂಜಾಗುವುದು. ನೋವಿಲ್ಲವೆಂದು ಇದನ್ನು ಉಪೇಕ್ಷಿಸಬಾರದು. ಸುಣ್ಣವಾಗಲಿ ಕ್ರಿಮಿನಾಶಕವಾಗಲಿ ಬಿದ್ದರೆ, ಆ ಕ್ಷಣವೇ ಹತ್ತಿರವಿರುವ ಶುದ್ಧ ನೀರಿನಿಂದ ಅರ್ಧ ಗಂಟೆಯಷ್ಟು ಕಾಲ ಎಡೆಬಿಡದೆ ತೊಳೆದು, ಬಳಿಕ ಆಸ್ಪತ್ರೆಗೆ ಒಯ್ಯಬೇಕು.

ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಗಳು ಇನ್ನೂ ಅಪಾಯಕರ. ಇವು ನವೆಯನ್ನು ಬೇಗ ಅಡಗಿಸುವುದರಿಂದ ಜನರು ನೆಚ್ಚುವರು. ಆದರೆ ವೈದ್ಯರ ಸಲಹೆಯಿಲ್ಲದೆ ಬಹುಕಾಲ ಬಳಸಿದರೆ ಕಣ್ಣಿನ ಒಳ ಒತ್ತಡವು ಏರಿ ದೃಷ್ಟಿನರವು ನಾಶವಾಗಬಹುದು; ಬೂಷ್ಟಿನ ಸೋಂಕಿದ್ದರೆ ಅದು ಉಲ್ಬಣಿಸುವುದು.

ನವೆಯಲ್ಲ, ಗಾಯ

ಭತ್ತದ ಮುಳ್ಳಾಗಲಿ ತೆನೆಯ ಗರಿಯಾಗಲಿ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನು ಗೀರಿದರೆ, ಬೆಳೆಯ ಕಸದಲ್ಲಿರುವ ಬೂಷ್ಟಿನ ಬೀಜಾಣುಗಳು ಆ ಗೀರಿನೊಳಗೆ ನೆಲೆಸಿ ಹುಣ್ಣನ್ನುಂಟುಮಾಡಬಹುದು. ಹೊಟ್ಟನ್ನು ನಾಲಗೆಯಿಂದಲೋ ಸೆರಗಿನ ತುದಿಯಿಂದಲೋ ತೆಗೆಯುವುದರಿಂದ ಸೋಂಕು ಇನ್ನಷ್ಟು ಸುಲಭವಾಗುವುದು. ನೋವು, ಬೆಳಕನ್ನು ಸಹಿಸಲಾಗದಿರುವುದು, ದೃಷ್ಟಿಯ ಮಸುಕು, ಕರಿಗುಡ್ಡೆಯಲ್ಲಿ ಬಿಳಿಯ ಚುಕ್ಕೆ—ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಕಳುಹಿಸತಕ್ಕದ್ದು. ಬೂಷ್ಟಿನ ಹುಣ್ಣಿಗೆ ನಾಟಮೈಸಿನ್ ಎಂಬ ಹನಿಯೌಷಧವು ಪ್ರಯೋಜನಕಾರಿಯೆಂದು ದಕ್ಷಿಣ ಭಾರತದ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ದೃಢಪಟ್ಟಿದೆ. ಆದರೆ ತಡವಾದಷ್ಟೂ ಫಲವು ಕಡಮೆ.

ಶೀಘ್ರ ಚಿಕಿತ್ಸೆಯ ಬೆಲೆಯನ್ನು ನೇಪಾಳದ ಭಕ್ತಪುರದ ನಿದರ್ಶನವು ತೋರಿಸುತ್ತದೆ. ಅಲ್ಲಿ ತರಬೇತಿ ಹೊಂದಿದ ಗ್ರಾಮಕಾರ್ಯಕರ್ತರು ಕಣ್ಣು ಗೀರಿದವರಿಗೆ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರಾವೃತ್ತಿಯಂತೆ ಮೂರು ದಿನ ಹಚ್ಚಿದರು. 2001ರಲ್ಲಿ ಪ್ರಕಟವಾದ ವರದಿಯಂತೆ, ಗಾಯವಾದ 18 ಗಂಟೆಗಳೊಳಗೆ ಚಿಕಿತ್ಸೆ ಪಡೆದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ.

ಗ್ರಾಮಪ್ರಮುಖರು ಮಾಡಬಹುದಾದ ಕಾರ್ಯಗಳು

ಒಕ್ಕಣೆಯ ಯಂತ್ರಕ್ಕೆ ಬಾಡಿಗೆ ಕೊಡುವ ಜಮೀನಿನ ಒಡೆಯರು ಆಳುಗಳಿಗೆ ಕಣ್ಣುಕಾಪಿನ ಕನ್ನಡಕಗಳನ್ನು ಒದಗಿಸಿದರೆ ಅದರ ವೆಚ್ಚವು ಅತ್ಯಲ್ಪ. ಕಣದ ಬಳಿ ಮುಚ್ಚಿದ ಪಾತ್ರೆಯಲ್ಲಿ ಶುದ್ಧ ನೀರನ್ನಿಡಬೇಕು. ತೂರುವವರು ಗಾಳಿಗೆ ಬೆನ್ನು ಮಾಡಿ ನಿಲ್ಲುವಂತೆ ಏರ್ಪಡಿಸಬೇಕು. ಪಾರ್ಥೇನಿಯಂ ಗಿಡಗಳನ್ನು ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲೇ, ಕೈಗವಸು ತೊಟ್ಟು ಬೇರುಸಹಿತ ಕಿತ್ತುಹಾಕಬೇಕು. ಈ ಕಳೆಯನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಗಳನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಅವು ಮಳೆಗಾಲದಲ್ಲಿ ನೆರವಾಗುವುವಾದರೂ, ಅವುಗಳಿಂದಲೇ ಕಳೆಯು ಪೂರ್ತಿಯಾಗಿ ಅಳಿಯದು. ಒಬ್ಬನು ಕಿತ್ತು ನೆರೆಯವನು ಬಿಟ್ಟರೆ ಶ್ರಮವು ವ್ಯರ್ಥವಾಗುವುದರಿಂದ ಊರೆಲ್ಲ ಒಟ್ಟಾಗಿ ಮಾಡತಕ್ಕ ಕೆಲಸವಿದು.

ಸುಗ್ಗಿಯಲ್ಲಿ ಒಂದು ದಿನದ ಕೂಲಿ ತಪ್ಪುವುದೆಂದು ಕಣ್ಣಿನ ನೋವನ್ನು ನುಂಗಿ ದುಡಿಯುವವರು ಅನೇಕರು. ಅಂಥವನಿಗೆ ಆ ದಿನದ ಕೂಲಿಯನ್ನು ಕೊಟ್ಟು ಆಸ್ಪತ್ರೆಗೆ ಕಳುಹಿಸುವ ಒಡೆಯನು ಒಂದು ಸಂಸಾರದ ಜೀವನೋಪಾಯವನ್ನೇ ಉಳಿಸಿದಂತಾಗುವುದು.